ಮಾವನ ಮೆಣಸಿನಕಾಯಿ, ನನ್ನ ಆರು ಕಾಲಂ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಹಳೇ ಹುಬ್ಬಳ್ಳಿಯ ನಮ್ಮ ಮನೆ ಮಾಳಿಗೆ ಮ್ಯಾಲಿನ ಖೋಲಿಯಿಂದ ಮಾತಾಡ್ತಾ ಇದ್ದೀನಿ. ನಡುವೆ ಆಟೋ ಹಾರ್ನ್, ಕೆಳಗಿನ ಮನೆಯ ಕುಕ್ಕರ್ ಸೀಟಿ ಕೇಳಿಸಿದ್ರೆ ಹೊಟ್ಟ್ಯಾಗ ಹಾಕ್ಕೋರಿ. ನಮ್ಮ ಸ್ಟುಡಿಯೋ ಇಷ್ಟೇ.

ಇವತ್ತಿನ ವಿಷಯ ಕೇಳಿದ್ರೆ ಕೆಲವರು ಫೋನ್ ಬದಿಗಿಡಬಹುದು. ಡೇಟಾ ಅನಾಲಿಸಿಸ್ ಮಾಡುವಾಗ ಕಾಲಂಗಳ ಹೆಸರನ್ನು ಹೇಗೆ ಸಂಭಾಳಿಸಬೇಕು ಅನ್ನೋದು. ಇದೇನು ದೊಡ್ಡ ವಿಷಯ, ಹೆಸರು ತಾನೇ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆ ಸಸಾರಕ್ಕೆ ನಮ್ಮ ಮಾವ 60 ಸಾವಿರ ರೂಪಾಯಿ ಕಳಕೊಂಡ. ಮೊದಲು ಆ ಕಥೆ ಹೇಳಿಬಿಡ್ತೀನಿ.

ಮಾವನ ಮೆಣಸಿನಕಾಯಿ

ನಾನು ಬಿ.ಕಾಂ ಓದಿದವ. ಪೈಥಾನ್ ಕಲಿತಿದ್ದು ಆಮೇಲೆ, ಫೋನಿನಲ್ಲಿ ವಿಡಿಯೋ ನೋಡಿ, ಹಳೇ ಲ್ಯಾಪ್‌ಟಾಪಿನಲ್ಲಿ ತಪ್ಪು ಮಾಡಿ ಮಾಡಿ. ಪ್ಯಾಂಡಾಸ್ ಅಂತ ಒಂದು ಲೈಬ್ರರಿ ಇದೆ. ವೆಸ್ ಮೆಕಿನ್ನಿ ಅನ್ನುವವರು 2008ರಲ್ಲಿ ಶುರು ಮಾಡಿದ್ದು. ಪೈಥಾನಿನೊಳಗೆ ಒಂದು ಎಕ್ಸೆಲ್ ಹಾಳೆ ಇದ್ದಂಗೆ ಅಂತ ತಿಳ್ಕೋರಿ. ಸಾಲು, ಕಾಲಂ, ಕಾಲಂ ತಲೆಯ ಮೇಲೆ ಹೆಸರು.

ನಮ್ಮ ಸೋದರಮಾವಂದು ಕುಂದಗೋಳ ತಾಲ್ಲೂಕಿನಲ್ಲಿ ಹೊಲ. ಬೆಳೆಯೋದು ಬ್ಯಾಡಗಿ ಮೆಣಸಿನಕಾಯಿ. ನಿಮಗೆ ಗೊತ್ತಿರುತ್ತೆ, ಖಾರ ಕಡಿಮೆ, ಬಣ್ಣ ಕಡುಗೆಂಪು, 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಕಾಯಿ. ಇದರ ಮಾರುಕಟ್ಟೆಯ ಒಂದು ಗುಣ ಏನಂದ್ರೆ, ಒಂದೇ ದಿನ ಒಂದೇ ಪ್ಯಾಟ್ಯಾಗ ಕನಿಷ್ಠ ದರಕ್ಕೂ ಗರಿಷ್ಠ ದರಕ್ಕೂ ಆಕಾಶ ಭೂಮಿ ಅಂತರ. ಡಬ್ಬಿ ಒಂದು ರೇಟು, ಕಡ್ಡಿ ಒಂದು ರೇಟು. ಬಣ್ಣ ಮಾಸಿದ್ದು, ಹಸಿ ಇದ್ದದ್ದು, ಹೋದ ವರ್ಷದ್ದು, ಒಂದೊಂದಕ್ಕೂ ಒಂದೊಂದು. ಹಿಂಗಾಗಿ ದಿನದ ವರದಿಯಲ್ಲಿ ಮೂರು ದರ ಬರೀತಾರೆ: ಕನಿಷ್ಠ, ಗರಿಷ್ಠ, ಮಾದರಿ.

ಮಾದರಿ ದರ ಅಂದ್ರೆ ಸರಾಸರಿ ಅಲ್ಲ. ಬಿ.ಕಾಂನಲ್ಲಿ ಮೀನ್, ಮೀಡಿಯನ್, ಮೋಡ್ ಅಂತ ಓದಿರ್ತೀವಲ್ಲ, ಆ ಮೂರನೇದು. ಆ ದಿನ ಹೆಚ್ಚು ಮಾಲು ಯಾವ ದರದ ಆಸುಪಾಸಿನಲ್ಲಿ ಹೋಯ್ತೋ ಅದು. ರೈತನಿಗೆ ಬೇಕಾದ್ದು ಇದೇ. ಗರಿಷ್ಠ ಅಂದ್ರೆ ಆ ದಿನ ಒಬ್ಬ ಅದೃಷ್ಟವಂತನ ಚೀಲಕ್ಕೆ ಸಿಕ್ಕಿದ್ದು.

ನಾನು ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸಂಜೆ ಆ ದಿನದ ದರದ ಫೈಲ್ ತಗೋಬೇಕು, ಬ್ಯಾಡಗಿ, ಹುಬ್ಬಳ್ಳಿ, ಗದಗದ ಮಾದರಿ ದರ ತೆಗೆದು ಮಾವನಿಗೆ ವಾಟ್ಸ್ಆ್ಯಪ್ ಮಾಡಬೇಕು. ಎರಡು ತಿಂಗಳು ಚಂದ ನಡೀತು. ಊರಿನ ಕಟ್ಟೆಯಲ್ಲಿ ಮಾವ ಫೋನ್ ಎತ್ತಿ ತೋರಿಸ್ತಿದ್ದ. ‘ನಮ್ಮ ಅಳಿಯನ ಕಂಪ್ಯೂಟರ್ ಹೇಳೈತಿ ಅಂದ್ರ ಬರೋಬ್ಬರಿನೇ ಇರ್ತೈತಿ’ ಅಂತ.

ಒಂದಿನ ನಾನು ಫೈಲ್ ತರುವ ಜಾಗ ಬದಲಿಸಿದೆ. ಹೊಸ ಫೈಲಿನಲ್ಲೂ ಆರೇ ಕಾಲಂ: ದಿನಾಂಕ, ಮಾರುಕಟ್ಟೆ, ಆವಕ, ಮೂರು ದರ. ಹೆಸರುಗಳು ಮಾತ್ರ ಉದ್ದ, ಗಲೀಜು, ನಡುನಡುವೆ ಖಾಲಿ ಜಾಗ. ನಾನು ಏನು ಮಾಡಿದೆ? ಇದ್ದ ಹೆಸರನ್ನೆಲ್ಲ ಒರೆಸಿ, ನನ್ನ ಹಳೇ ಆರು ಹೆಸರಿನ ಪಟ್ಟಿಯನ್ನು ಮೇಲೆ ಅಂಟಿಸಿಬಿಟ್ಟೆ. ಡಿಎಫ್ ಡಾಟ್ ಕಾಲಮ್ಸ್ ಈಕ್ವಲ್ ಟು, ಆಮೇಲೆ ಪಟ್ಟಿ. ಒಂದೇ ಸಾಲು. ಎರರ್ ಬರಲಿಲ್ಲ. ಆರು ಕಾಲಂ, ಆರು ಹೆಸರು, ಲೆಕ್ಕ ಸರಿ.

ನನ್ನ ಪಟ್ಟಿಯ ಕೊನೆ ಮೂರು ಕನಿಷ್ಠ, ಗರಿಷ್ಠ, ಮಾದರಿ. ಹೊಸ ಫೈಲಿನ ಕೊನೆ ಮೂರು ಕನಿಷ್ಠ, ಮಾದರಿ, ಗರಿಷ್ಠ.

ಗೊತ್ತಾಯ್ತಲ್ಲ? ಗರಿಷ್ಠ ದರದ ತಲೆ ಮೇಲೆ ‘ಮಾದರಿ’ ಅಂತ ಬೋರ್ಡು ಕೂತಿತು. ಮರುದಿನ ಮಾವನ ಹತ್ತಿರ ಒಬ್ಬ ಖರೀದಿದಾರ ಬಂದು ಕ್ವಿಂಟಲ್‌ಗೆ 24 ಸಾವಿರ ಕೇಳಿದ. ನನ್ನ ಮೆಸೇಜಿನಲ್ಲಿ ಮಾದರಿ ದರ 31,500. ಮಾವ ಯಾಕೆ ಕೊಡ್ತಾನೆ? ನಕ್ಕು ಕಳಿಸಿದ. ನಿಜವಾದ ಮಾದರಿ ಆ ದಿನ 23,800 ಇತ್ತು. ಅಂದ್ರೆ ಆ ಮನುಷ್ಯ ಬರೋಬ್ಬರಿ ರೇಟೇ ಕೇಳಿದ್ದ.

ಒಂಬತ್ತು ದಿನ ಹೀಗೇ ಮೆಸೇಜ್ ಹೋಯ್ತು. ಹತ್ತನೇ ದಿನ ಮಾವ ತಾನೇ ಪ್ಯಾಟಿಗೆ ಹೋಗಿ ಅಲ್ಲಿಂದ ಫೋನ್ ಮಾಡಿದ. ‘ಅಳಿಯಾ, ನೀ ಹೇಳೋ ರೇಟು ಇಲ್ಲಿ ಒಬ್ಬಂಗ ಅಷ್ಟ ಸಿಗಾಕತ್ತೈತಲ್ಲೋ’ ಅಂದ. ಸಿಟ್ಟಿನಿಂದ ಅಲ್ಲ, ಅನುಮಾನದಿಂದ. ನಾನು ಲ್ಯಾಪ್‌ಟಾಪ್ ತೆಗೆದು ಮೂಲ ಫೈಲಿನ ತಲೆ ನೋಡಿದೆ. ಕೈಕಾಲು ತಣ್ಣಗಾದವು. ಅಷ್ಟೊತ್ತಿಗೆ ದರ ಇಳಿಯೋಕೆ ಶುರುವಾಗಿತ್ತು. ಇವತ್ತು ಏರ್ತದ, ನಾಳೆ ಏರ್ತದ ಅಂತ ಕಾದು, ಕೊನೆಗೆ 19 ಸಾವಿರಕ್ಕೆ ಕೊಟ್ಟ. 12 ಕ್ವಿಂಟಲ್. ಕ್ವಿಂಟಲ್‌ಗೆ 5 ಸಾವಿರದಂತೆ ಲೆಕ್ಕ ಹಾಕ್ಕೋರಿ.

ಪಹಣಿಯ ಕಾಲಂ 11

ನಾನು ಮಾಡಿದ ತಪ್ಪಿಗೆ ಏನು ಹೆಸರು? ಕಾಲಂ ಅನ್ನು ಹೆಸರಿನಿಂದ ಗುರುತಿಸದೆ, ಜಾಗದಿಂದ ಗುರುತಿಸಿದ್ದು. ‘ಆರನೇದು ಮಾದರಿ ದರ’ ಅಂತ ಮನಸ್ಸಿನಲ್ಲಿ ಇಟ್ಕೊಂಡಿದ್ದು.

ಜಾಗದಿಂದ ಗುರುತಿಸೋದು ಯಾವಾಗಲೂ ತಪ್ಪೇನಲ್ಲ. ನಮ್ಮ ಹಳ್ಳಿ ಮಂದಿ ದಿನಾ ಅದನ್ನೇ ಮಾಡ್ತಾರೆ. ಪಹಣಿ ತಗೋರಿ, ಆರ್‌ಟಿಸಿ, ನಮೂನೆ 16. ‘ಕಾಲಂ 9ರಾಗ ಯಾರ ಹೆಸರೈತಿ?’ ಅಂತ ಕೇಳ್ತಾರೆ. ಅದು ಸ್ವಾಧೀನದಾರನ ಹೆಸರು ಅಂತ ಎಲ್ಲರಿಗೂ ಗೊತ್ತು. ‘ಕಾಲಂ 11 ಖಾಲಿ ಐತೇನು?’ ಅಂದ್ರೆ ಬ್ಯಾಂಕಿನ ಬೋಜಾ ಇಲ್ಲ ತಾನೇ ಅಂತ ಅರ್ಥ, ಯಾಕಂದ್ರೆ ಹಕ್ಕು ಮತ್ತು ಋಣ ಬರೆಯೋದು ಅಲ್ಲಿ. ನಂಬರ್ ಹೇಳಿದ್ರೆ ಸಾಕು, ಹೆಸರೇ ಬೇಡ. ಅದು ನಡೆಯೋದು ಯಾಕೆ? ನಮೂನೆ ಗಟ್ಟಿ ಇರೋದಕ್ಕೆ. ಬೀದರಿನ ಪಹಣಿಯಲ್ಲೂ ಚಾಮರಾಜನಗರದ ಪಹಣಿಯಲ್ಲೂ 11 ಅಂದ್ರೆ 11ನೇ.

ನಾವು ಅಲ್ಲಿ ಇಲ್ಲಿ ಇಳಿಸಿಕೊಳ್ಳುವ ಸಿಎಸ್‌ವಿ ಫೈಲಿಗೆ ಅಂಥ ಗ್ಯಾರಂಟಿ ಯಾರೂ ಕೊಟ್ಟಿಲ್ಲ. ಇವತ್ತು ಒಂದು ಕಾಲಂ ನಡುವೆ ಸೇರುತ್ತೆ, ನಾಳೆ ಎರಡು ಜಾಗ ಬದಲಿಸ್ತವೆ. ಅಲ್ಲಿ ನಂಬಬೇಕಾದ್ದು ಹೆಸರನ್ನು. ಒಂದು ಕಾಲಂ ಹೆಚ್ಚಾದ್ರೆ ಪ್ಯಾಂಡಾಸ್ ಒದರುತ್ತೆ, ನಿನ್ನ ಪಟ್ಟಿಯ ಉದ್ದ ಹೊಂದ್ತಿಲ್ಲ ಅಂತ. ಉದ್ದ ಹೊಂದಿ ಕ್ರಮ ತಪ್ಪಿದ್ರೆ ಮಾತ್ರ ತೆಪ್ಪಗಿರುತ್ತೆ. ಒದರುವ ತಪ್ಪಿಗಿಂತ ಸುಮ್ಮನಿರುವ ತಪ್ಪು ಅಪಾಯ.

ಹಾಗಾದ್ರೆ ಹೇಗೆ ಮಾಡಬೇಕು

ಈಗ ಕೆಲಸದ ಮಾತು. ಕೋಡ್ ಇಂಗ್ಲಿಷಿನಲ್ಲೇ ಟೈಪ್ ಮಾಡ್ತೀರಿ, ನಾನು ಬಾಯಲ್ಲಿ ಹೇಳ್ತೀನಿ.

ಒಂದನೇದು, ಫೈಲ್ ಓದಿದ ಕೂಡಲೇ ಕಾಲಂ ಹೆಸರು ಪ್ರಿಂಟ್ ಮಾಡ್ರಿ. ಡಿಎಫ್ ಡಾಟ್ ಕಾಲಮ್ಸ್ ಡಾಟ್ ಟು-ಲಿಸ್ಟ್. ಪಟ್ಟಿ ಮಾಡಿ ನೋಡೋದ್ರಲ್ಲಿ ಒಂದು ಲಾಭ ಇದೆ. ಪ್ರತಿ ಹೆಸರಿನ ಆಚೆ ಈಚೆ ಉದ್ಧರಣ ಚಿಹ್ನೆ ಕಾಣಿಸುತ್ತೆ. ‘ಮಾಡಲ್ ಪ್ರೈಸ್’ ಅಂತ ಬರೆದು ಕೊನೆಗೆ ಒಂದು ಸ್ಪೇಸ್ ಉಳಿದಿದ್ರೆ ಅಲ್ಲಿ ಸಿಕ್ಕಿಬೀಳುತ್ತೆ. ಎಷ್ಟು ಜನ ‘ಕಣ್ಣೆದುರೇ ಕಾಲಂ ಐತಿ, ಕೀ-ಎರರ್ ಬರ್ತೈತಿ’ ಅಂತ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡಿದಾರೆ. ಕಾರಣ ಬಹಳ ಸಲ ಆ ಒಂದು ಸ್ಪೇಸ್.

ಎರಡನೇದು, ತೊಳೆಯೋದು. ಮೂರು ಕೆಲಸ, ಒಂದೇ ಸಾಲಿನಲ್ಲಿ ಆಗುತ್ತೆ. ಎಸ್‌ಟಿಆರ್ ಡಾಟ್ ಸ್ಟ್ರಿಪ್ ಆಚೆ ಈಚೆಯ ಸ್ಪೇಸ್ ತೆಗೆಯುತ್ತೆ. ಎಸ್‌ಟಿಆರ್ ಡಾಟ್ ಲೋವರ್ ಎಲ್ಲವನ್ನೂ ಸಣ್ಣ ಅಕ್ಷರ ಮಾಡುತ್ತೆ. ಎಸ್‌ಟಿಆರ್ ಡಾಟ್ ರಿಪ್ಲೇಸ್ ನಡುವಿನ ಸ್ಪೇಸ್ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕುತ್ತೆ. ಮುಖ ತೊಳೆದ ಮೇಲೇ ಪೌಡರ್. ಅಂದ್ರೆ ಇದನ್ನು ಮಾಡಿದ ಮೇಲೇ ಹೆಸರು ಬದಲಿಸೋಕೆ ಹೋಗಬೇಕು.

ಇಲ್ಲೊಂದು ಮಜಾ. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ಜಾಲತಾಣದಲ್ಲಿ ದೇಶದ ಮಂಡಿಗಳ ದಿನದ ದರ ಸಿಗುತ್ತೆ. ಅದರ ಸಿಎಸ್‌ವಿ ಇಳಿಸಿಕೊಂಡು ನೋಡಿದಾಗ ನಾನು ಗಾಬರಿಯಾದೆ. ‘ಮಾಡಲ್ ಪ್ರೈಸ್’ ಅಂತ ಇರಬೇಕಾದ ಕಡೆ ಎರಡೂ ಪದದ ನಡುವೆ ‘ಅಂಡರ್‌ಸ್ಕೋರ್ ಎಕ್ಸ್ 0020 ಅಂಡರ್‌ಸ್ಕೋರ್’ ಅಂತ ಏನೋ ಇದೆ. ವೈರಸ್ಸೇನೋ ಅಂದ್ಕೊಂಡೆ. ಅಲ್ಲ. ಎಕ್ಸ್‌ಎಂಎಲ್ ಅನ್ನೋ ಪದ್ಧತಿಯಲ್ಲಿ ಹೆಸರಿನ ನಡುವೆ ಸ್ಪೇಸ್ ಇರುವ ಹಾಗಿಲ್ಲ. ಹಾಗಾಗಿ ಸ್ಪೇಸ್ ಬದಲು ಅದರ ಕೋಡ್ ನಂಬರ್ ಬರೆದಿರ್ತಾರೆ. 16ರ ಮಗ್ಗಿಯ ಲೆಕ್ಕದಲ್ಲಿ 20 ಅಂದ್ರೆ ನಮ್ಮ 32. ಕಂಪ್ಯೂಟರಿಗೆ 32 ಅಂದ್ರೆ ಸ್ಪೇಸ್. ರಿಪ್ಲೇಸ್‌ನಲ್ಲಿ ಅದನ್ನೂ ಸೇರಿಸಿಬಿಟ್ರೆ ಮುಗೀತು. ವಿಚಿತ್ರ ಹೆಸರು ಕಂಡಾಗ ಒರೆಸೋ ಮುಂಚೆ ಅದು ಯಾಕೆ ಹಾಗಿದೆ ಅಂತ ಕೇಳ್ರಿ. ಒರೆಸುವ ಅವಸರದಲ್ಲೇ ನಾನು ಕೆಟ್ಟಿದ್ದು.

ಮೂರನೇದು, ಹೆಸರು ಬದಲಿಸೋದು. ಪಟ್ಟಿ ಅಂಟಿಸಬ್ಯಾಡ್ರಿ, ರೀನೇಮ್ ಬಳಸ್ರಿ. ಅದರಲ್ಲಿ ಜೋಡಿ ಕೊಡ್ತೀರಿ: ಹಳೇ ಹೆಸರು ಇದು, ಹೊಸ ಹೆಸರು ಇದು. ಕಾಲಂ ಎಲ್ಲಿಗೆ ಹೋಗಿ ಕೂತರೂ ಹೆಸರು ಹಿಡಿದು ಹುಡುಕುತ್ತೆ. ಅವತ್ತು ನಾನು ಇಷ್ಟು ಮಾಡಿದ್ದಿದ್ರೆ ಸಾಕಿತ್ತು.

ಆದ್ರೆ ರೀನೇಮ್‌ನಲ್ಲೂ ಎರಡು ಗುಂಡಿ ಇವೆ. ಒಂದು, ಅದು ಮೂಲವನ್ನು ಬದಲಿಸಲ್ಲ, ಹೊಸ ಪ್ರತಿ ಕೊಡುತ್ತೆ. ಅದನ್ನು ಮತ್ತೆ ಡಿಎಫ್‌ಗೆ ಹಾಕ್ಕೋಬೇಕು, ಇಲ್ಲಾಂದ್ರೆ ಮಾಡಿದ್ದು ಗಾಳಿಗೆ. ಎರಡನೇದು ಇನ್ನೂ ಮೋಸದ್ದು. ನೀವು ಹೇಳಿದ ಹಳೇ ಹೆಸರು ಫೈಲಿನಲ್ಲಿ ಇಲ್ಲದೇ ಹೋದ್ರೂ ರೀನೇಮ್ ಸುಮ್ಮನೆ ಮುಂದೆ ಹೋಗುತ್ತೆ. ಒಂದಕ್ಷರ ತಪ್ಪಿದ್ರೂ ಹೇಳಲ್ಲ. ಹೇಳಿಸಬೇಕಂದ್ರೆ ಎರರ್ಸ್ ಈಕ್ವಲ್ ಟು ರೈಸ್ ಅಂತ ಸೇರಿಸಬೇಕು. ಆಗ ಹೆಸರು ಸಿಗದಿದ್ರೆ ಅಲ್ಲೇ ನಿಲ್ಲುತ್ತೆ. ಪ್ರೋಗ್ರಾಂ ನಿಂತ್ರೆ ಮಾವನಿಗೆ ಆ ದಿನ ಮೆಸೇಜ್ ಹೋಗಲ್ಲ, ಅಷ್ಟೇ. ತಪ್ಪು ಮೆಸೇಜಿಗಿಂತ ಮೆಸೇಜ್ ಇಲ್ಲದ ದಿನ ಚಲೋ.

ನಾಲ್ಕನೇದು, ಯಾವ ಹೆಸರು ಇಡಬೇಕು. ಬರೀ ‘ಮಿನ್’, ‘ಮ್ಯಾಕ್ಸ್’ ಅಂತ ಇಡಬ್ಯಾಡ್ರಿ. ಪ್ಯಾಂಡಾಸಿನಲ್ಲಿ ಡಿಎಫ್ ಡಾಟ್ ಮಿನ್ ಅಂದ್ರೆ ಕನಿಷ್ಠ ಹುಡುಕುವ ಫಂಕ್ಷನ್. ನಿಮ್ಮ ಕಾಲಂ ಬರಲ್ಲ, ಆ ಫಂಕ್ಷನ್ ಬರುತ್ತೆ. ‘ಕೌಂಟ್’ ಕೂಡ ಹಾಗೇ. ಡಾಟ್ ಬಿಟ್ಟು ಚೌಕ ಆವರಣದಲ್ಲಿ ಹೆಸರು ಬರೆಯುವ ರೂಢಿ ಮಾಡ್ಕೋರಿ. ಜೊತೆಗೆ ಅಳತೆಯನ್ನೂ ಹೆಸರಿನಲ್ಲೇ ಬರೀರಿ. ದರ ಕ್ವಿಂಟಲ್ ಲೆಕ್ಕದಲ್ಲಿ ಇರುತ್ತೆ, ಆವಕ ಒಂದು ಕಡೆ ಟನ್‌ನಲ್ಲಿ, ಇನ್ನೊಂದು ಕಡೆ ಕ್ವಿಂಟಲ್‌ನಲ್ಲಿ, ಮತ್ತೊಂದು ಕಡೆ ಚೀಲದಲ್ಲಿ. ‘ಆವಕ_ಟನ್’, ‘ಮಾದರಿ_ರೂ_ಕ್ವಿಂಟಲ್’ ಅಂತ ಇಟ್ರೆ ಆರು ತಿಂಗಳು ಬಿಟ್ಟು ನೋಡಿದಾಗ ನಿಮಗೇ ನೀವು ಕೈ ಮುಗೀತೀರಿ.

ಒಂದೇ ಹೆಸರಿನ ಎರಡು ಕಾಲಂ ಇದ್ರೆ? ಸಿಎಸ್‌ವಿ ಓದುವಾಗ ಪ್ಯಾಂಡಾಸ್ ಎರಡನೇದಕ್ಕೆ ತಾನೇ ಡಾಟ್ 1 ಅಂತ ಬಾಲ ಸೇರಿಸುತ್ತೆ. ‘ದರ’, ‘ದರ.1’. ಬಾಲ ಕಂಡ ಕೂಡಲೇ ಮೂಲ ಫೈಲ್ ತೆಗೆದು ಎರಡೂ ಏನು ಅಂತ ನೋಡ್ರಿ. ಊಹೆ ಮಾಡಬ್ಯಾಡ್ರಿ.

ಕನ್ನಡದ ಹೆಸರು ಇಟ್ರೆ ನಡೆಯುತ್ತಾ?

ಹೋದ ಸಂಚಿಕೆ ಆದ ಮೇಲೆ ಒಂದಿಬ್ಬರು ಇದೇ ಕೇಳಿದ್ರು. ಧಾರಾಳವಾಗಿ ನಡೆಯುತ್ತೆ. ಪೈಥಾನ್ 3 ಕನ್ನಡಕ್ಕೆ ಬ್ಯಾಡ ಅನ್ನಲ್ಲ. ಆದ್ರೆ ಕನ್ನಡದಲ್ಲಿ ಒಂದು ಕಣ್ಣುಕಟ್ಟು ಇದೆ.

‘ಮೊತ್ತ’ ಅಂತ ಒಂದು ಕಾಲಂ ಇದೆ ಅಂದ್ಕೋರಿ. ಅದರಲ್ಲಿ ‘ಮೊ’ ಇದೆಯಲ್ಲ, ಯೂನಿಕೋಡಿನಲ್ಲಿ ಅದನ್ನು ಎರಡು ರೀತಿ ಬರೀಬಹುದು. ‘ಮ’ಕ್ಕೆ ಒಕಾರದ ಗುರುತು ಒಂದೇ ಸಲ ಹಚ್ಚಬಹುದು. ಇಲ್ಲಾ ಎಕಾರದ ಗುರುತು, ಅದರ ಮೇಲೆ ಊಕಾರದ ಗುರುತು, ಹೀಗೆ ಎರಡು ತುಂಡಾಗಿ ಹಚ್ಚಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣ್ತವೆ. ಕಂಪ್ಯೂಟರಿಗೆ ಮೊದಲನೇದು ಐದು ತುಂಡಿನ ಪದ, ಎರಡನೇದು ಆರು ತುಂಡಿನ ಪದ. ಬೇರೆ ಬೇರೆ! ಒಂದು ಫೈಲ್ ಒಂದು ಕೀಬೋರ್ಡಿನಲ್ಲಿ, ಇನ್ನೊಂದು ಫೈಲ್ ಇನ್ನೊಂದರಲ್ಲಿ ಟೈಪಾಗಿದ್ರೆ ‘ಮೊತ್ತ’ ಸಿಗ್ತಿಲ್ಲ ಅಂತ ಎರರ್ ಬರಬಹುದು. ಪರಿಹಾರ ಇದೆ. ತೊಳೆಯುವ ಸಾಲಿನಲ್ಲಿ ಎಸ್‌ಟಿಆರ್ ಡಾಟ್ ನಾರ್ಮಲೈಜ್, ಆವರಣದಲ್ಲಿ ಎನ್‌ಎಫ್‌ಸಿ ಅಂತ ಸೇರಿಸ್ರಿ. ಎಲ್ಲವೂ ಒಂದೇ ರೂಪಕ್ಕೆ ಬರ್ತವೆ. ಕಣ್ಣಿಗೆ ಕಾಣದ ಜೋಡಣೆ ಗುರುತುಗಳು, ಅಂದ್ರೆ ಅರ್ಧ ಅಕ್ಷರ ಬಿಡಿಸಿ ತೋರಿಸೋಕೆ ನಡುವೆ ಹಾಕ್ತಾರಲ್ಲ, ಅವು ಮಾತ್ರ ಇದರಿಂದ ಹೋಗಲ್ಲ. ಅವನ್ನು ರಿಪ್ಲೇಸ್ ಮಾಡಿಯೇ ತೆಗೀಬೇಕು.

ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಸಿಕ್ರೆ ಅದು ಯೂನಿಕೋಡೇ ಅಲ್ಲ, ಫಾಂಟ್ ತೆಗೆದ್ರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಮೊದಲು ಪರಿವರ್ತನೆ ಮಾಡಿಸ್ರಿ, ಆಮೇಲೆ ಉಳಿದ ಮಾತು.

ಯುಬಿಎಲ್

ನನ್ನ ಸ್ವಂತ ರೂಢಿ ಏನಂದ್ರೆ, ಒಳಗೆ ಒಂದು ಹೆಸರು, ಹೊರಗೆ ಒಂದು ಹೆಸರು. ಇದನ್ನು ನನಗೆ ಕಲಿಸಿದ್ದು ನಮ್ಮ ಊರೇ.

ನಮ್ಮ ಊರಿಗೆ ಎಷ್ಟು ಹೆಸರು ನೋಡ್ರಿ. ಹಿಂದೆ ರಾಯರ ಹುಬ್ಬಳ್ಳಿ ಅಂತಿದ್ರು, ಈಗ ಅದೇ ಹಳೇ ಹುಬ್ಬಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಹುಬ್ಳಿ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಹುಬ್ಬಳ್ಳಿ. ಅವತ್ತು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಬೆಲ್ಗಾಂ ಬೆಳಗಾವಿ ಆಯ್ತು, ಬಿಜಾಪುರ ವಿಜಯಪುರ ಆಯ್ತು. ಆಮೇಲೆ ನಮ್ಮ ರೈಲು ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. 2023ರ ಮಾರ್ಚ್‌ನಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯ್ತು, ಜಗತ್ತಿನಲ್ಲೇ ಉದ್ದದ್ದು. ಇಷ್ಟೆಲ್ಲ ಬದಲಾದ್ರೂ ಟಿಕೆಟ್ ಬುಕ್ ಮಾಡುವಾಗ ನಿಲ್ದಾಣದ ಕೋಡ್ ಏನು? ಯುಬಿಎಲ್. ಬದಲಾಗಿಲ್ಲ.

ಪ್ರೋಗ್ರಾಂ ಒಳಗೂ ಹೀಗೇ ಇರಲಿ. ಒಳಗೆ ಗಿಡ್ಡ, ಗಟ್ಟಿ, ಎಂದೂ ಬದಲಾಗದ ಹೆಸರು. ಓದುವವರ ಮುಂದೆ ಇಡುವಾಗ ಮಾತ್ರ ಅವರಿಗೆ ತಿಳಿಯುವ ಬೋರ್ಡು. ಯಾವುದರಿಂದ ಯಾವುದಕ್ಕೆ ಬದಲಾಗಬೇಕು ಅನ್ನೋ ಜೋಡಿಗಳನ್ನು ಒಂದೇ ಜಾಗದಲ್ಲಿ, ಫೈಲಿನ ತಲೆಯಲ್ಲೇ ಬರೆದಿಡ್ರಿ. ಹೊಸ ಊರಿನ ಫೈಲ್ ಬಂದ್ರೆ ಅಲ್ಲಿ ಒಂದು ಸಾಲು ಸೇರಿಸಿದ್ರೆ ಸಾಕು, ಕೋಡ್ ತುಂಬಾ ಹುಡುಕಾಡೋದು ಬ್ಯಾಡ.

ಕೊನೆಗೆ ಒಂದು ಸಾಲು

ಇನ್ನೊಂದು ಉಳೀತು. ಹೆಸರು ಸರಿ ಕೂತಿದೆಯಾ ಅಂತ ಅಂಕಿಯನ್ನೇ ಕೇಳಬಹುದು. ಕನಿಷ್ಠ ದರ ಮಾದರಿಗಿಂತ ಹೆಚ್ಚಿರಲ್ಲ, ಮಾದರಿ ಗರಿಷ್ಠಕ್ಕಿಂತ ಹೆಚ್ಚಿರಲ್ಲ. ಇದನ್ನು ಅಸರ್ಟ್ ಅಂತ ಒಂದೇ ಸಾಲಿನಲ್ಲಿ ಬರೀಬಹುದು. ಅವತ್ತು ನನ್ನ ಹಾಳೆಯಲ್ಲಿ ಸಾಲು ಸಾಲಿಗೂ ‘ಮಾದರಿ’ ಅನ್ನೋದು ‘ಗರಿಷ್ಠ’ಕ್ಕಿಂತ ದೊಡ್ಡದಿತ್ತು. ಒಂಬತ್ತು ದಿನ. ಅಂಕಿ ಒದರ್ತಾ ಇತ್ತು, ನಾನು ಬೋರ್ಡು ಓದ್ತಾ ಇದ್ದೆ.

ಅಡತಿ ಅಂಗಡಿಯ ಹಳೇ ಗುಮಾಸ್ತರು ಕಿರ್ದಿ ಬರೆಯೋದನ್ನು ನೋಡಿದೀರಾ? ಪುಟ ತಿರುವಿದಾಗಲೆಲ್ಲ ತಲೆಯಲ್ಲಿ ಕಾಲಂಗಳ ಹೆಸರು ಮತ್ತೆ ಬರೀತಾರೆ. ಹಿಂದಿನ ಪುಟದಲ್ಲಿ ಇದೆಯಲ್ಲ ಅಂತ ಬಿಡಲ್ಲ. ಪುಟದ ಕೆಳಗೆ ಮೊತ್ತ ಹಾಕಿ, ಮುಂದಿನ ಪುಟದ ಮೇಲೆ ಅದೇ ಮೊತ್ತ ತಂದು ಕೂರಿಸ್ತಾರೆ. ನಾನು ಕಾಮರ್ಸ್ ಓದಿಯೂ ಇದನ್ನು ಮರೆತಿದ್ದೆ.

ಮಾವ ನನಗೆ ಬೈಯಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು. ಆ ಸಲ ದೀಪಾವಳಿಗೆ ಹೋದಾಗ ಅತ್ತಿ ಊಟಕ್ಕೆ ಬಡಿಸ್ತಾ ಇದ್ದಳು, ಮಾವ ಅಂದ: ‘ಮತ್ತ ಶುರು ಮಾಡೋ ಮೆಸೇಜು. ಆದ್ರ ಮಾದರಿ ಪೀದರಿ ಅಂತ ಬರೀಬ್ಯಾಡ. ಆ ರೇಟು ಭಾಳ ಮಂದಿಗೆ ಸಿಕ್ಕದ್ದೋ, ಒಬ್ಬಂಗ ಸಿಕ್ಕದ್ದೋ, ಅದನ್ನ ಬರಿ.’

ಆಗ ತಿಳೀತು. ಎರಡು ತಿಂಗಳು ಸರಿಯಾಗಿ ಕಳಿಸಿದಾಗಲೂ ಆ ಕಾಲಂ ಹೆಸರು ಮಾವನಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದ್ದಿದ್ರೆ ಮೊದಲನೇ ದಿನವೇ ಅವನಿಗೆ ಅನುಮಾನ ಬರ್ತಿತ್ತು.

ಈಗ ಹೋಗುವ ಮೆಸೇಜಿನಲ್ಲಿ ಎರಡು ಸಾಲು ಇರ್ತವೆ. ‘ಹೆಚ್ಚು ಮಾಲು ಹೋದ ದರ’ ಅಂತ ಒಂದು. ‘ಇವತ್ತಿನ ಎಲ್ಲಕ್ಕಿಂತ ದೊಡ್ಡ ದರ, ಸ್ವಲ್ಪ ಮಾಲಿಗೆ ಮಾತ್ರ’ ಅಂತ ಇನ್ನೊಂದು. ಒಳಗಿನ ಕೋಡಿನಲ್ಲಿ ಹೆಸರು ಗಿಡ್ಡದ್ದೇ. ಹೊರಗಿನ ಬೋರ್ಡು ಮಾವ ಬರೆದದ್ದು.

ಇವತ್ತು ರಾತ್ರಿ ನಿಮ್ಮ ಯಾವುದಾದ್ರೂ ಹಳೇ ಫೈಲ್ ತೆಗೆದು ಬರೀ ಕಾಲಂ ಹೆಸರು ಪ್ರಿಂಟ್ ಮಾಡಿ ನೋಡ್ರಿ. ಬೇರೆ ಏನೂ ಮಾಡಬ್ಯಾಡ್ರಿ. ಅದನ್ನು ನಿಮ್ಮ ಮನೆಯವರಿಗೆ ಓದಿ ಹೇಳ್ರಿ, ತಿಳೀತಾ ಅಂತ ಕೇಳ್ರಿ. ಸಿಗೋಣ ಮುಂದಿನ ವಾರ. ಬರ್ತೀನ್ರಿ.